ನೂರಕ್ಕೆ ನೂರು ಬಂದ ಪರದೆ

ನಮ್ಮ ಅತ್ತಿಗೆಯ ಕಿವಿಗೆ ದಕ್ಕದ ಕಂಪ್ಯೂಟರ್ ಪರದೆ ಈ ಭೂಮಿಯ ಮೇಲೆ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ, ಹುಟ್ಟಿದರೆ ನನ್ನ ಎಡಗಡೆಯ ಮೀಸೆ ಬೋಳಿಸಿ ಬಲಗಡೆಯದನ್ನು ಹಾಗೇ ಬಿಟ್ಟುಕೊಂಡು ಊರು ಸುತ್ತುತ್ತೇನೆ ಎಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹದಿನೆಂಟು ವರ್ಷ ಪಂಥ ಕಟ್ಟಿದವನು ನಾನು. ಎದುರು ಪಂಥಕ್ಕೆ ಒಬ್ಬ ಗಂಡಸೂ ಮುಂದೆ ಬರಲಿಲ್ಲ. ಅತ್ತಿಗೆಯನ್ನು ಕೆಲಸದ ಹೊತ್ತಿನಲ್ಲಿ ನೋಡಿದವರು ಯಾರೂ ಬರುತ್ತಿರಲಿಲ್ಲ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಇಪ್ಪತ್ತಮೂರನೆಯ ವಯಸ್ಸಿನವರೆಗೆ ಎಲ್ಲರಂತೆ ಕಣ್ಣಿತ್ತು. ಆಮೇಲೆ ಎರಡೇ ವರ್ಷದಲ್ಲಿ, ಮೊದಲು ಅಂಚು, ಆಮೇಲೆ ನಡು, ಹೀಗೆ ಎರಡೂ ಹೋಯಿತು. ಆ ರೋಗದ ಹೆಸರನ್ನು ಡಾಕ್ಟರು ಹೇಳಿ ಮುಗಿಸುವಷ್ಟರಲ್ಲಿ ಒಂದು ಬಸ್ಸು ತಪ್ಪುತ್ತದೆ. ಅತ್ತಿಗೆ ಅದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು: "ಬತ್ತಿ ಸುಟ್ಟುಹೋಯ್ತು, ಅಷ್ಟೆ." ಅಣ್ಣ ಮದುವೆಯಾದದ್ದು ಅದಾದ ಮೇಲೆ. "ನಿನ್ನಣ್ಣ ನೋಡೋಕೆ ಹೇಗಿದ್ದಾರೆ?" ಎಂದು ಮದುವೆಯ ವಾರದಲ್ಲಿ ನನ್ನನ್ನು ಕೇಳಿದ್ದಳು. "ನನಗಿಂತ ಸ್ವಲ್ಪ ಕಮ್ಮಿ" ಎಂದೆ. "ಹಾಗಾದ್ರೆ ಕಣ್ಣು ಹೋದದ್ದು ಒಳ್ಳೇದಾಯ್ತು ಬಿಡು" ಎಂದಳು. ಆವತ್ತಿನಿಂದ ನಾನು ಅವಳ ಎದುರು ಬಾಯಿ ಬಿಡುವ ಮುನ್ನ ಎರಡು ಸಲ ಯೋಚಿಸುತ್ತೇನೆ, ಆದರೂ ಪ್ರತಿ ಸಲವೂ ಸೋಲುತ್ತೇನೆ.

ನಾವಿಬ್ಬರೂ ಒಂದೇ ಆಸ್ಪತ್ರೆಯ ನೌಕರರು. ನಾನು ನೆಲಮಾಳಿಗೆಯ ಉಗ್ರಾಣದಲ್ಲಿ ಕೈಗವಸು, ಬ್ಯಾಂಡೇಜು, ಬೆಡ್‌ಶೀಟುಗಳ ಯಜಮಾನ. ಅವಳು ಮೇಲೆ, ಲಿಫ್ಟಿನ ಪಕ್ಕದ ವಿಚಾರಣೆ ಕೋಣೆಯಲ್ಲಿ. ಆ ಕೋಣೆಯಲ್ಲಿ ಮೂರು ಕುರ್ಚಿ, ಮೂರು ಫೋನು, ಮೂರು ಕಂಪ್ಯೂಟರು, ಒಂದು ಕಿಟಕಿ. ಕಿಟಕಿಯ ಹತ್ತಿರದ ಕುರ್ಚಿಯನ್ನು ಅವಳಿಗೆ ಕೊಟ್ಟಿದ್ದರು, ಯಾರ ತಲೆ ಓಡಿತ್ತೋ. ಊರಿನವರು ಫೋನು ಮಾಡಿ ಕೇಳುತ್ತಿದ್ದದ್ದು ಇಷ್ಟೇ: ನಮ್ಮವರು ಯಾವ ವಾರ್ಡಿನಲ್ಲಿದ್ದಾರೆ, ರಕ್ತದ ರಿಪೋರ್ಟು ಬಂತಾ, ಆಪರೇಶನ್ ಮುಗೀತಾ, ಯಾವಾಗ ಬಿಡ್ತಾರೆ.

ಉತ್ತರವೆಲ್ಲ ಪರದೆಯ ಮೇಲಿರುತ್ತಿತ್ತು. ಪರದೆಯ ಮೇಲಿನ ಅಕ್ಷರಗಳನ್ನು ಬಾಯಿಬಿಟ್ಟು ಓದಿ ಹೇಳುವ ಒಂದು ತಂತ್ರಾಂಶ ಅವಳ ಕಂಪ್ಯೂಟರಿನಲ್ಲಿತ್ತು. ತಿಳಿದವರು ಅದನ್ನು ಸ್ಕ್ರೀನ್ ರೀಡರ್ ಎನ್ನುತ್ತಾರೆ. ಅತ್ತಿಗೆ ಅದಕ್ಕೆ ಗೊಣಗಪ್ಪ ಎಂದು ಹೆಸರಿಟ್ಟಿದ್ದಳು. ಎಡಗಿವಿಗೆ ಗೊಣಗಪ್ಪ, ಬಲಗಿವಿಗೆ ಫೋನು ಮಾಡಿದವರು. ಗೊಣಗಪ್ಪನ ವೇಗವನ್ನು ಎಷ್ಟು ಏರಿಸಿಕೊಂಡಿದ್ದಳೆಂದರೆ, ನನ್ನ ಕಿವಿಗೆ ಅದು ಬಿಸಿ ಬಾಣಲೆಯಲ್ಲಿ ಜೋಳದ ಕಾಳು ಸಿಡಿದಂತೆ ಕೇಳುತ್ತಿತ್ತು. ಒಮ್ಮೆ ಆ ಸದ್ದಿಗೆ ಕಿಟಕಿಯ ಮೇಲಿನ ಪಾರಿವಾಳ ಮೂರ್ಛೆ ಹೋಗಿ ಕೆಳಗೆ ನಿಂತಿದ್ದ ಆಂಬುಲೆನ್ಸಿನ ಮೇಲೆ ಬಿದ್ದದ್ದನ್ನು ಕಂಡವರಿದ್ದಾರೆ. ನಾನೇ ಅವರಲ್ಲಿ ಒಬ್ಬ, ಇನ್ನೊಬ್ಬ ತೀರಿಕೊಂಡ.

ಆ ಜೋಳದ ಸದ್ದಿನ ನಡುವೆ ಅವಳ ದನಿ ಮಾತ್ರ ನಿಧಾನ. "ಹೆದರ್ಬೇಡಿ ತಾಯಿ, ನಿಮ್ಮೆಜಮಾನ್ರು ಎರಡನೇ ಮಹಡಿ, ಏಳನೇ ವಾರ್ಡು, ಬಾಗಿಲ ಪಕ್ಕದ ಹಾಸಿಗೆ. ಬೆಳಿಗ್ಗೆ ಗಂಜಿ ಕುಡಿದಿದ್ದಾರೆ ಅಂತ ನರ್ಸ್ ಬರೆದಿದ್ದಾರೆ." ಪಕ್ಕದ ಕುರ್ಚಿಯವಳಿಗೆ ಎರಡೂ ಕಣ್ಣಿತ್ತು, ಮೇಲೊಂದು ಕನ್ನಡಕವೂ ಇತ್ತು. ಅವಳು ರೋಗಿಯ ಹೆಸರು ಹುಡುಕುವಷ್ಟರಲ್ಲಿ ಅತ್ತಿಗೆ ಮೂರು ಕುಟುಂಬಗಳನ್ನು ಸಮಾಧಾನ ಮಾಡಿ ನಾಲ್ಕನೆಯದನ್ನು ಬೈದು ಮುಗಿಸಿರುತ್ತಿದ್ದಳು. ಮನೆಯಲ್ಲಿ ಅವಳು ಎಲ್ಲರಂತೆ ಒಬ್ಬ ಹೆಂಗಸು, ಹಾಲು ಉಕ್ಕಿಸುತ್ತಿದ್ದಳು, ಕೀಲಿ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದಳು. ಆ ಕುರ್ಚಿಯಲ್ಲಿ ಕೂತಾಗ ಮಾತ್ರ ಇಡೀ ಊರು ಅವಳನ್ನು ಕೇಳಿ ಉಸಿರು ಬಿಡುತ್ತಿತ್ತು. ನಿವೃತ್ತಿಗೆ ಇನ್ನೂ ಒಂಬತ್ತು ವರ್ಷ ಇತ್ತು. "ಆ ಕುರ್ಚಿಯಿಂದ ನನ್ನನ್ನ ಎಬ್ಬಿಸಬೇಕಾದ್ರೆ ಕುರ್ಚಿ ಸಮೇತ ಎತ್ಕೊಂಡು ಹೋಗ್ಬೇಕು" ಎನ್ನುತ್ತಿದ್ದಳು.

ಹಾಗಿರುವಾಗ ರೋಗಿಗಳ ದಾಖಲೆ ಇಡುವ ಹಳೆಯ ತಂತ್ರಾಂಶಕ್ಕೆ ವಯಸ್ಸಾಯಿತು. ಅದು ಬರೀ ಕಪ್ಪು ಪರದೆ, ಬಿಳಿ ಅಕ್ಷರ. ನೋಡುವವರ ಕಣ್ಣಿಗೆ ದರಿದ್ರ, ಗೊಣಗಪ್ಪನಿಗೆ ಹಬ್ಬ. ಅದನ್ನು ಕಿತ್ತುಹಾಕಿ ಬಣ್ಣಬಣ್ಣದ ಹೊಸದನ್ನು ತರಿಸಿದರು. ಅದನ್ನು ಮಾಡಿದ ಕಂಪನಿಯಿಂದ ಒಬ್ಬ ಎಂಜಿನಿಯರ್ ಬಂದ. ನಲವತ್ತರ ಆಸುಪಾಸು, ಬಹಳ ಮರ್ಯಾದಸ್ಥ. ಹೆಗಲ ಚೀಲವನ್ನು ಕೂತಾಗಲೂ ಇಳಿಸುತ್ತಿರಲಿಲ್ಲ, ಯಾವ ಕ್ಷಣದಲ್ಲಿ ಓಡಬೇಕಾಗುತ್ತದೋ ಎನ್ನುವಂತೆ.

ಪ್ರಯೋಗದ ಮೊದಲ ದಿನ ನಾನು ಆ ಕೋಣೆಯಲ್ಲಿದ್ದೆ. ಮೂರು ಪೊಟ್ಟಣ ಕೈಗವಸು ತಲುಪಿಸುವ ನೆಪ. ವಿಚಾರಣೆ ಕೋಣೆಗೆ ಕೈಗವಸು ಯಾಕೆ ಎಂದು ಯಾರೂ ಕೇಳಲಿಲ್ಲ. ಅತ್ತಿಗೆ ಹೊಸ ಪರದೆ ತೆರೆದಳು. ಮೊದಲ ಫೋನು ಬಂತು, ಯಾರೋ ಹೆಣ್ಣುಮಗಳು, ಅವಳ ತಂದೆಯನ್ನು ರಾತ್ರಿ ಬೇರೆ ವಾರ್ಡಿಗೆ ಹಾಕಿದ್ದರಂತೆ. ಅತ್ತಿಗೆ ಹೆಸರು ಟೈಪು ಮಾಡಿ ಕೀಲಿ ಒತ್ತಿದಳು. ಗೊಣಗಪ್ಪ ಶುರುಮಾಡಿದ. ಅತ್ತಿಗೆಯ ಹುಬ್ಬು ಗಂಟಿಕ್ಕಿತು. ವೇಗ ತಗ್ಗಿಸಿದಳು, ಇನ್ನೂ ತಗ್ಗಿಸಿದಳು, ಕೊನೆಗೆ ನನ್ನಂಥವನಿಗೂ ಅರ್ಥವಾಗುವ ಹಾಗೆ ತಗ್ಗಿಸಿ, ಕಿವಿಯ ತಂತಿ ಕಿತ್ತು, ಎಲ್ಲರಿಗೂ ಕೇಳುವಂತೆ ಬಿಟ್ಟಳು.

"ಇಲ್ಲಿ ಪಠ್ಯ ಇದೆ. ಇಲ್ಲಿ ಪಠ್ಯ ಇದೆ. ಇಲ್ಲಿ ಪಠ್ಯ ಇದೆ. ಇಲ್ಲಿ ಪಠ್ಯ ಇದೆ."

ಅತ್ತಿಗೆ ಬಾಣದ ಕೀಲಿ ಒತ್ತಿ ಕೆಳಗಿಳಿದಳು. ಇಲ್ಲಿ ಪಠ್ಯ ಇದೆ. ಇನ್ನೂ ಕೆಳಗೆ. ಇಲ್ಲಿ ಪಠ್ಯ ಇದೆ. ಫೋನಿನಲ್ಲಿ ಆ ಹೆಣ್ಣುಮಗಳು, "ಮೇಡಂ, ಇದ್ದೀರಾ?" ಎನ್ನುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅತ್ತಿಗೆ ಪಕ್ಕದ ಕುರ್ಚಿಯ ಕಡೆ ತಿರುಗಿ, "ಸ್ವಲ್ಪ ಓದಿ ಹೇಳ್ತೀಯಾ?" ಎಂದಳು. ಕನ್ನಡಕದವಳು ಎದ್ದು ಬಂದು ಓದಿದಳು. ಒಂಬತ್ತನೇ ವಾರ್ಡು. ಅತ್ತಿಗೆ ಅದನ್ನು ಫೋನಿಗೆ ಹೇಳಿ ಇಟ್ಟಳು. ಆಮೇಲೆ ಎರಡೂ ಕೈ ಮೇಜಿನ ಮೇಲೆ ಚಾಚಿ ಕೂತಳು. ನನ್ನ ಬಾಯಲ್ಲಿ ಒಂದು ತಮಾಷೆ ಸಿದ್ಧವಿತ್ತು, ನುಂಗಿಕೊಂಡೆ. ಕೈಗವಸಿನ ಪೊಟ್ಟಣ ಹಿಡಿದೇ ನಿಂತಿದ್ದೆ.

ಎಂಜಿನಿಯರನ್ನು ಕರೆಸಿದರು. ಅವನು ನಾಚುತ್ತ ವಿವರಿಸಿದ. ಕೆಲವು ಕಂಪ್ಯೂಟರುಗಳಲ್ಲಿ ಅಕ್ಷರಗಳು ಒಡೆದು ಕಾಣುತ್ತವೆ ಎಂದು ಹಿಂದೆ ಇನ್ನೊಂದು ಆಸ್ಪತ್ರೆಯವರು ದೂರಿದ್ದರಂತೆ. ಆ ತಂಟೆಯೇ ಬೇಡ ಎಂದು ಇವರು ಪ್ರತಿ ಸಾಲನ್ನೂ ಅಕ್ಷರವಾಗಿ ಕಳಿಸದೆ, ಫೋಟೋ ತೆಗೆದಂತೆ ಚಿತ್ರ ಮಾಡಿ ಪರದೆಗೆ ಅಂಟಿಸುತ್ತಾರೆ. ಕಣ್ಣಿಗೆ ಚೆಂದ. ಆದರೆ ಓದುವ ತಂತ್ರಾಂಶಕ್ಕೆ ಚಿತ್ರದೊಳಗೆ ಏನಿದೆ ಎಂದು ಕಾಣುವುದಿಲ್ಲ. ಚಿತ್ರದ ಬೆನ್ನಿಗೆ ಯಾರಾದರೂ ವಿವರಣೆ ಬರೆದಿಟ್ಟರೆ ಅದನ್ನು ಓದುತ್ತದೆ.

"ಬರೆದಿದ್ದೀರಲ್ಲ," ಎಂದಳು ಅತ್ತಿಗೆ.

"ಬರೆದಿದ್ದೀವಿ ಮೇಡಂ. ಪ್ರತಿ ಚಿತ್ರಕ್ಕೂ ವಿವರಣೆ ಇರಲೇಬೇಕು ಅಂತ ಕರಾರಿನಲ್ಲಿದೆ. ಅದನ್ನ ಪರೀಕ್ಷೆ ಮಾಡೋಕೆ ಒಂದು ತಂತ್ರಾಂಶ ಇದೆ, ಖಾಲಿ ಬಿಟ್ರೆ ಅಂಕ ಕಳೀತದೆ. ನಾಲ್ಕುನೂರಕ್ಕೂ ಮೇಲೆ ಪರದೆ ಇದ್ವು. ಒಂದೇ ಆಜ್ಞೆಯಲ್ಲಿ ಎಲ್ಲಾ ಕಡೆ ತುಂಬಿಸಿದ್ವಿ. ನೂರಕ್ಕೆ ನೂರು ಬಂತು."

"ನೂರಕ್ಕೆ ನೂರು."

"ಹೌದು ಮೇಡಂ." ಅವನ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇಣುಕಿತು, ಪಾಪ, ತಡೆಯಲಾಗಲಿಲ್ಲ.

"ನಮ್ಮನೆ ಊಟಕ್ಕೆ ಬಾಪ್ಪಾ ಒಂದಿನ," ಎಂದಳು ಅತ್ತಿಗೆ. "ತಟ್ಟೆ ಇಡ್ತೀನಿ. ತಟ್ಟೆ ಮೇಲೆ ಒಂದು ಚೀಟಿ ಇಡ್ತೀನಿ, ಇಲ್ಲಿ ಊಟ ಇದೆ ಅಂತ. ಹೊಟ್ಟೆ ತುಂಬಿದ ಮೇಲೆ ಹೇಳು, ಅಂಕ ಕೊಡ್ತೀನಿ."

ಎಂಜಿನಿಯರ್ ಕೆಟ್ಟವನಲ್ಲ. ಚೀಲದ ಪಟ್ಟಿ ಎಳೆದುಕೊಳ್ಳುತ್ತ ಒಪ್ಪಿಕೊಂಡ. ಚಿತ್ರ ಮಾಡುವಾಗ ಅಕ್ಷರ ಕೈಯಲ್ಲೇ ಇರುತ್ತದೆ, ಅದನ್ನೇ ಬೆನ್ನಿಗೆ ಬರೆದರೆ ಸಾಕು, ಮೂರು ವಾರದ ಕೆಲಸ. ಆದರೆ ಆ ಮೂರು ವಾರ ಕರಾರಿನಲ್ಲಿ ಇಲ್ಲ. ವಿವರಣೆ ಇರಬೇಕು ಎಂದಿದೆ, ವಿವರಣೆಯಲ್ಲಿ ಏನಿರಬೇಕು ಎಂದು ಯಾರೂ ಬರೆದಿಲ್ಲ.

ಅತ್ತಿಗೆಯ ಕೈಯಲ್ಲಿ ಒಂದೇ ಒಂದು ಅಸ್ತ್ರವಿತ್ತು. ಹೊಸ ತಂತ್ರಾಂಶವನ್ನು ಆಸ್ಪತ್ರೆ ಒಪ್ಪಿಕೊಂಡಿತು ಎನ್ನುವ ಪತ್ರಕ್ಕೆ ನಾಲ್ಕು ಜನ ಬಳಕೆದಾರರ ಸಹಿ ಬೇಕಿತ್ತು: ಒಬ್ಬ ಡಾಕ್ಟರು, ಒಬ್ಬ ನರ್ಸು, ಒಬ್ಬ ಗುಮಾಸ್ತ, ಮತ್ತು ದೃಷ್ಟಿಯ ತೊಂದರೆಯುಳ್ಳ ಒಬ್ಬ ಬಳಕೆದಾರ. ಮೊದಲ ಮೂರು ಸಹಿ ಒಂದೇ ಮಧ್ಯಾಹ್ನದಲ್ಲಿ ಬಿದ್ದವು. ನಾಲ್ಕನೆಯದಕ್ಕೆ ಇಡೀ ಆಸ್ಪತ್ರೆಯಲ್ಲಿ ಅವಳೊಬ್ಬಳೇ. "ಓದೋ ಹಾಗೆ ಮಾಡಿ, ಆ ಕ್ಷಣ ಹಾಕ್ತೀನಿ. ಅಲ್ಲಿವರೆಗೆ ಇಲ್ಲ," ಎಂದು ಹೇಳಿ ಮಡಚಿಟ್ಟ ಕೋಲು ಬಿಚ್ಚಿಕೊಂಡು ಮನೆಗೆ ಹೊರಟಳು.

ಇನ್ನು ಆಸ್ಪತ್ರೆಯ ಮೇಲ್ವಿಚಾರಕರ ವಿಷಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಗಾದೆಯನ್ನು ಅವರನ್ನು ನೋಡಿಯೇ ಕಟ್ಟಿರಬೇಕು. ಅವರ ಬಾಯಿಂದ ಹೌದು ಎಂಬ ಮಾತಾಗಲಿ ಇಲ್ಲ ಎಂಬ ಮಾತಾಗಲಿ ಹೊರಬಿದ್ದದ್ದನ್ನು ಕೇಳಿದವರಿಲ್ಲ. ಅವರ ಮದುವೆಯಲ್ಲಿಯೂ "ನೋಡೋಣ" ಎಂದೇ ಹೇಳಿದ್ದರಂತೆ. ಎರಡು ವಾರ ಅವರು ನೋಡಿದರು. ಹಳೆಯ ತಂತ್ರಾಂಶ ದಿನಕ್ಕೆ ಮೂರು ಸಲ ನಿಲ್ಲತೊಡಗಿತು. ಕಂಪನಿಯವರು ಬುಧವಾರದೊಳಗೆ ಪತ್ರ ಕೊಡದಿದ್ದರೆ ಗಂಟುಮೂಟೆ ಕಟ್ಟುತ್ತೇವೆ ಎಂದರು. ಮಂಗಳವಾರ ಮಧ್ಯಾಹ್ನ ಮೇಲ್ವಿಚಾರಕರು ನನ್ನನ್ನು ಕರೆಸಿದರು. ಉಗ್ರಾಣದವನನ್ನು ಮೇಲಕ್ಕೆ ಕರೆಸಿದ್ದು, ಚಹಾ ಕೊಟ್ಟದ್ದು, ಕುರ್ಚಿ ಎಳೆದದ್ದು, ಮೂರೂ ಒಂದೇ ದಿನ. ನನಗೆ ಆಗಲೇ ಅನುಮಾನ ಬರಬೇಕಿತ್ತು.

"ನಿಮ್ಮ ಅತ್ತಿಗೆ ಒಳ್ಳೆಯವರು," ಎಂದರು. "ಆದ್ರೆ ಹಟ. ಈಗ ಸಹಿ ಆಗ್ಲಿಲ್ಲ ಅಂದ್ರೆ ಕಂಪನಿ ಹೋಯ್ತು. ಕಂಪನಿ ಹೋದ್ರೆ ಸರಿಮಾಡೋರು ಯಾರು? ಸಹಿ ಆದ್ರೆ ಎರಡನೇ ಹಂತ ಅಂತ ಇದೆ. ಅದರಲ್ಲಿ ಈ ಓದೋ ವಿಷಯ ಎಲ್ಲಾ ಮಾಡ್ತಾರೆ. ಅವರ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ನಾನೇನು ಮಾಡ್ಲಿ ಸಾರ್? ಅವರು ನನ್ನ ಮಾತು ಕೇಳೋದು ಅಂದ್ರೆ ಎತ್ತು ಈದ ಹಾಗೆ."

ಅವರು ಪತ್ರವನ್ನು ನನ್ನ ಮುಂದೆ ಸರಿಸಿ ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟರು. "ದೃಷ್ಟಿಯ ತೊಂದರೆ ಇರೋ ಬಳಕೆದಾರ ಅಂತಿದೆ. ಎಷ್ಟು ಹೊತ್ತಿನ ತೊಂದರೆ ಅಂತ ಬರೆದಿಲ್ಲವಲ್ಲ."

ಇಷ್ಟು ವರ್ಷ ಆಳವಾಗಿ ನೋಡುತ್ತ ಕೂತಿದ್ದ ಮನುಷ್ಯನಿಗೆ ಕೊನೆಗೆ ಕಂಡದ್ದು ಅದು. ಜೇಬಿನಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದರು.

ನಾನು ಯಾಕೆ ಒಪ್ಪಿದೆ ಎಂದು ಕೇಳಿದರೆ ಹತ್ತು ಕಾರಣ ಹೇಳಬಲ್ಲೆ, ಹತ್ತೂ ಸುಳ್ಳು. ನಿಜವಾದದ್ದು ಒಂದೇ. ಆ ಕುರ್ಚಿ ಉಳಿಯುತ್ತದೆ ಎಂದು ನಂಬಿದೆ. ಅತ್ತಿಗೆಯ ಹಟದಿಂದ ಅತ್ತಿಗೆಯನ್ನು ಕಾಪಾಡುವ ಜಾಣ ನಾನೊಬ್ಬನೇ ಎಂದುಕೊಂಡೆ. ಚಹಾವೂ ಚೆನ್ನಾಗಿತ್ತು.

ಕಣ್ಣು ಕಟ್ಟಿದರು. ಹೊಸ ತಂತ್ರಾಂಶದಲ್ಲಿ ಉಗ್ರಾಣದವರಿಗೂ ಎರಡು ವಾರ ತರಬೇತಿ ಆಗಿತ್ತಲ್ಲ, ಯಾವ ಗುಂಡಿ ಎಲ್ಲಿದೆ ಎಂದು ನನ್ನ ಕೈಗೆ ಗೊತ್ತಿತ್ತು. ಗೊತ್ತಿಲ್ಲದ ಕಡೆ ಎಂಜಿನಿಯರ್, "ಸ್ವಲ್ಪ ಬಲಕ್ಕೆ ಸಾರ್, ಇನ್ನೂ ಕೆಳಗೆ, ಹಾಂ, ಒತ್ತಿ" ಎಂದು ಮಕ್ಕಳ ಕಣ್ಣಾಮುಚ್ಚಾಲೆಯ ಹಾಗೆ ದಾರಿ ತೋರಿಸಿದ. ಓದುವ ತಂತ್ರಾಂಶವನ್ನು ಹಾಕಲೂ ಇಲ್ಲ. ಅದು ಸುಮ್ಮನೆ ಗಲಾಟೆ ಎಂದರು. ಇಪ್ಪತ್ತು ನಿಮಿಷದಲ್ಲಿ ಒಬ್ಬ ರೋಗಿಯನ್ನು ದಾಖಲು ಮಾಡಿ ಮುಗಿಸಿದೆ. ಅರವತ್ತೆಂಟು ವರ್ಷದ ಗಂಡಸೊಬ್ಬನನ್ನು ಹೆರಿಗೆ ವಾರ್ಡಿಗೆ ಸೇರಿಸಿದ್ದೆ ಎಂದು ಆಮೇಲೆ ತಿಳಿಯಿತು. ಅದನ್ನೂ ಯಶಸ್ವಿ ಎಂದೇ ಬರೆದುಕೊಂಡರು. ಕಟ್ಟು ಬಿಚ್ಚಿದರು. ಬೆಳಕು ಕಣ್ಣಿಗೆ ಚುಚ್ಚಿತು. ಪೆನ್ನು ಕೊಟ್ಟರು. ಅವರು ಬೆರಳಿಟ್ಟ ಕಡೆ ನನ್ನ ಮುದ್ದಾದ ಸಹಿ ಬಿತ್ತು.

ಮುಂದಿನ ಸೋಮವಾರ ಹಳೆಯ ತಂತ್ರಾಂಶವನ್ನು ನಿಲ್ಲಿಸಿದರು. ಅತ್ತಿಗೆ ಬಂದು ಕೂತು ಕೀಲಿ ಒತ್ತಿದಳು. ಗೊಣಗಪ್ಪ ಹಾಡಿದ್ದನ್ನೇ ಹಾಡಿದ. "ಸಹಿ ಹೇಗಾಯ್ತು?" ಎಂದು ಅತ್ತಿಗೆ ಕೇಳಿದಳು. "ಆಯ್ತು ಅಂತಷ್ಟೆ ಗೊತ್ತು," ಎಂದಳು ಕನ್ನಡಕದವಳು. ಅದು ನಿಜವೂ ಆಗಿತ್ತು. ಮಧ್ಯಾಹ್ನ ಊಟಕ್ಕೆ ನಾನು ಅವಳ ಜೊತೆ ಕೂರಲಿಲ್ಲ. ಉಗ್ರಾಣದಲ್ಲಿ ಬೆಡ್‌ಶೀಟು ಎಣಿಸುವುದಿದೆ ಎಂದು ಹೇಳಿ ಕಳಿಸಿದೆ. ಎಣಿಸಿದೆ ಕೂಡ. ಮೂರು ಸಲ ಎಣಿಸಿದೆ, ಮೂರು ಸಲವೂ ಬೇರೆ ಲೆಕ್ಕ ಬಂತು.

ಒಂದು ತಿಂಗಳು ಕನ್ನಡಕದವಳು ಓದಿ ಹೇಳಿದಳು. ಅವಳಿಗೂ ಅವಳದೇ ಫೋನು ಇತ್ತು, ಎಷ್ಟು ದಿನ ಮಾಡಿಯಾಳು? ಆಮೇಲೆ ಅತ್ತಿಗೆಯನ್ನು ಮುಂಬಾಗಿಲ ಹಜಾರಕ್ಕೆ ಹಾಕಿದರು. ಅವಳು ಹೇಳಿದ್ದಂತೆಯೇ ಕುರ್ಚಿ ಸಮೇತ, ಅಷ್ಟರಮಟ್ಟಿಗೆ ಮರ್ಯಾದೆ ಕೊಟ್ಟರು. ಬಂದವರಿಗೆ "ಹೊರರೋಗಿಗಳು ಎಡಕ್ಕೆ, ಮಿಕ್ಕವರು ನೇರಕ್ಕೆ" ಎಂದು ಹೇಳುವುದು ಕೆಲಸ. ಐದು ತಿಂಗಳಿಗೆ ಆ ಜಾಗದಲ್ಲಿ ಬಾಣದ ಗುರುತಿನ ಬೋರ್ಡು ಬಂತು. ಅತ್ತಿಗೆ ಬೋರ್ಡಿನ ಕೆಳಗೆ ಕೂತಳು. ಜನ ತಲೆಯೆತ್ತಿ ಬೋರ್ಡು ನೋಡಿ ಎಡಕ್ಕೆ ಹೋಗುತ್ತಿದ್ದರು. ಅವಳ ಮುಂದೆ ಒಂದು ಫೋನು ಇಟ್ಟಿದ್ದರು, ಅದಕ್ಕೆ ತಂತಿ ಜೋಡಿಸಿರಲಿಲ್ಲ. ಖಾಲಿ ಮೇಜು ಚೆನ್ನಾಗಿ ಕಾಣುವುದಿಲ್ಲವಂತೆ.

ಎರಡನೇ ಹಂತ ಯಾವಾಗ ಬರುತ್ತದೆ ಎಂದು ನಾನು ಮೇಲ್ವಿಚಾರಕರನ್ನು ಕೇಳಿದೆ. ನೋಡೋಣ ಎಂದರು. ಕಂಪನಿಗೆ ಫೋನು ಮಾಡಿದೆ. ಆ ಎಂಜಿನಿಯರ್ ಬಿಟ್ಟು ಹೋಗಿದ್ದ, ಚೀಲ ಹೆಗಲಲ್ಲೇ ಇತ್ತಲ್ಲ. ಹೊಸಬರು ಬಹಳ ವಿನಯದಿಂದ, ಆ ಕಡತ ಮುಗಿದಿದೆ ಸಾರ್ ಎಂದರು. ಏಳು ಪತ್ರ ಬರೆದೆ. ಹದಿನಾಲ್ಕು ಎಂದು ಕ್ಯಾಂಟೀನಿನಲ್ಲಿ ಹೇಳಿದೆ. ಉತ್ತರ ಎರಡು ಲೆಕ್ಕಕ್ಕೂ ಒಂದೇ ಆಗಿತ್ತು. ಮೀಸೆಯ ಮಾತು ಮಾತ್ರ ಆ ಕ್ಯಾಂಟೀನಿನಲ್ಲಿ ಯಾರೂ ಎತ್ತಲಿಲ್ಲ, ಅಷ್ಟು ಕರುಣೆ ಇದ್ದವರು ಅಲ್ಲಿದ್ದರು.

ಅತ್ತಿಗೆ ಮನೆಯಲ್ಲೂ ಮಾತು ಕಡಿಮೆ ಮಾಡಿದಳು. ಹೋದಾಗಲೆಲ್ಲ ನಾನು ಹಳೆಯ ತಮಾಷೆಗಳನ್ನು ಎತ್ತುತ್ತಿದ್ದೆ. ಬೈಯಲಿ ಎಂದು ಕಾಯುತ್ತಿದ್ದೆ. ಅವಳು "ಹೂಂ" ಎನ್ನುತ್ತಿದ್ದಳು. ಅವಳ ಬಾಯಿಂದ ಬರೀ "ಹೂಂ" ಬರುವುದನ್ನು ಕೇಳುವ ಶಿಕ್ಷೆಯನ್ನು ಶತ್ರುವಿಗೂ ಕೊಡಬಾರದು. ಕೆಲವು ಸಲ ಕೂತಲ್ಲಿಯೇ ಅವಳ ಬೆರಳು ಮಡಿಲ ಮೇಲೆ ಆಡುತ್ತಿತ್ತು, ಕೀಲಿ ಒತ್ತುವ ಹಾಗೆ. ಅಣ್ಣ ಅದನ್ನು ನೋಡಿ ಎದ್ದು ಒಳಗೆ ಹೋಗುತ್ತಿದ್ದ.

ಮೂರು ವರ್ಷ ಹೀಗೆ ಕಳೆಯಿತು. ಅತ್ತಿಗೆ ಉಳಿದ ಆರು ವರ್ಷ ಬೇಡ ಎಂದು ಬರೆದುಕೊಟ್ಟಳು. ಕೊನೆಯ ದಿನ ಮೇಲ್ವಿಚಾರಕರು ಹೂಗುಚ್ಛ ಕೊಟ್ಟು, ಈ ಆಸ್ಪತ್ರೆ ಎಲ್ಲರನ್ನೂ ಒಳಗೊಳ್ಳುವ ಆಸ್ಪತ್ರೆ ಎಂದು ಭಾಷಣ ಮಾಡಿದರು. ಆ ಭಾಷಣದ ಉದ್ದಕ್ಕೆ ಹೂವು ಬಾಡಿ, ಬೀಜವಾಗಿ, ಮತ್ತೆ ಮೊಳೆಯುವುದೊಂದು ಬಾಕಿ. ಅವಳ ಬೆನ್ನ ಹಿಂದಿನ ಗೋಡೆಯಲ್ಲಿ ಆ ಒಪ್ಪಿಗೆ ಪತ್ರವನ್ನೇ ದೊಡ್ಡದು ಮಾಡಿ ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ನೂರಕ್ಕೆ ನೂರು, ಕೆಳಗೆ ನಾಲ್ಕು ಸಹಿ. ಬೋರ್ಡು ಬಂದಾಗಿನಿಂದ ಎರಡೂವರೆ ವರ್ಷವೂ ಅದು ಅವಳ ತಲೆಯ ಮೇಲೆಯೇ ಇತ್ತು; ನಾನು ಮಾತ್ರ ಹತ್ತಿರ ಹೋಗಿ ಒಂದು ಸಲವೂ ಓದಿರಲಿಲ್ಲ.

ಆ ಭಾನುವಾರ ನಾನು ಅವರ ಮನೆಗೆ ಹೋದೆ. ಅಣ್ಣ ತನ್ನ ಗಾಜಿನ ಅಂಗಡಿಗೆ ಹೋಗಿದ್ದ. ಅತ್ತಿಗೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ನಾನೂ ಕೂತೆ. ಒಂದು ಹಿಡಿ ತೆಗೆದುಕೊಂಡೆ. ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಉರು ಹೊಡೆದಿದ್ದೆ, ಬಹಳ ಸೊಗಸಾಗಿತ್ತು. ಬಾಯಿಗೆ ಬಂದದ್ದು ಇಷ್ಟೇ.

"ಅತ್ತಿಗೆ, ಆ ನಾಲ್ಕನೇ ಸಹಿ ನಂದು."

"ಗೊತ್ತು," ಎಂದಳು. ಬೆರಳು ನಿಲ್ಲಲಿಲ್ಲ.

"ಯಾರು ಹೇಳಿದ್ರು?"

"ಆ ಚೌಕಟ್ಟಿಗೆ ಗಾಜು ಹಾಕಿದ್ದು ಯಾರು ಅಂದ್ಕೊಂಡೆ? ಈ ಊರಲ್ಲಿ ಗಾಜು ಕತ್ತರಿಸೋ ಅಂಗಡಿ ನಿಮ್ಮಣ್ಣಂದು ಬಿಟ್ರೆ ಇನ್ನೊಂದಿದ್ಯಾ? ಅಳತೆಗೆ ಅಂತ ಮನೆಗೆ ತಂದಿದ್ರು. ಓದಿ ಅಂದೆ. ಓದಿದ್ರು. ನಿನ್ನ ಹೆಸರು ಬಂದಾಗ ಸ್ವಲ್ಪ ಹೊತ್ತು ನಿಲ್ಲಿಸಿದ್ರು. ಆಮೇಲೆ ಮಿಕ್ಕಿದ್ದೂ ಓದಿದ್ರು."

ಎರಡೂವರೆ ವರ್ಷ. ಅಷ್ಟು ದಿನ ನಾನು ಅವಳ ಮುಂದೆ ಕೂತು ತಮಾಷೆ ಮಾಡಿದ್ದೆ, ಅವಳು ಹೂಂ ಎಂದಿದ್ದಳು.

"ನಿಮ್ಮ ಕುರ್ಚಿ ಉಳೀಲಿ ಅಂತಲೇ ಹಾಕಿದ್ದು ಅತ್ತಿಗೆ. ಎರಡನೇ ಹಂತದಲ್ಲಿ ಎಲ್ಲಾ ಸರಿ ಮಾಡ್ತೀವಿ ಅಂದ್ರು."

"ಯಾವುದಕ್ಕೆ ಹಾಕಿದ್ದು ಅಂತ ಗೊತ್ತಾ ನಿಂಗೆ? ನಿನ್ನ ಸಹಿ ಮೇಲೇ ಒಂದು ಸಾಲಿದೆ. ಎಲ್ಲಾ ಪಠ್ಯವೂ ಸರಿಯಾಗಿ ಓದಲು ಸಿಗುತ್ತಿದೆ, ಈ ಬಗ್ಗೆ ಎರಡನೇ ಹಂತದ ಕೆಲಸದ ಅಗತ್ಯ ಇಲ್ಲ ಅಂತ ಬಳಕೆದಾರರು ದೃಢಪಡಿಸಿದ್ದಾರೆ, ಅಂತ."

ಕೈಯಲ್ಲಿದ್ದ ಬಟಾಣಿ ನೆಲಕ್ಕೆ ಬಿತ್ತು. ಬಾಗಿ ಹೆಕ್ಕಿದೆ. ಎಲ್ಲಕ್ಕೂ ಒಂದು ಉತ್ತರ ಇರುವ ನನ್ನ ಬಾಯಿಗೆ ಇದ್ದುದರಲ್ಲಿ ಒಂದು ನೆಪ ಸಿಕ್ಕಿತು.

"ಕಣ್ಣಿಗೆ ಬಟ್ಟೆ ಕಟ್ಟಿದ್ರು ಅತ್ತಿಗೆ. ನಂಗೆ ಕಾಣಿಸ್ಲಿಲ್ಲ."

ಅತ್ತಿಗೆ ಸುಲಿದ ಸಿಪ್ಪೆಯನ್ನೆಲ್ಲ ಒಟ್ಟು ಮಾಡಿ ನನ್ನ ಕಡೆ ಸರಿಸಿದಳು.

"ಸಹಿ ಹಾಕೋವಾಗ ಬಿಚ್ಚಿರ್ತಾರಲ್ಲಪ್ಪ."